ಮೇಲ್‌ನ ದಾರಿಗೆ ಬೀಗ ಹಾಕಿದ್ದೀರಾ?

ಪದವಿ ಮುಗಿಸಿ ಕೆಲಸ ಹುಡುಕುವವರ ಇಮೇಲ್‌ನಲ್ಲಿ ಏನೇನಿರುತ್ತದೆ ಎಂದು ಒಮ್ಮೆ ಲೆಕ್ಕ ಹಾಕಿ. ಎಸ್ಸೆಸ್ಸೆಲ್ಸಿಯಿಂದ ಹಿಡಿದು ಕೊನೆಯ ಸೆಮಿಸ್ಟರ್‌ವರೆಗಿನ ಅಂಕಪಟ್ಟಿ, ಆಧಾರ್ ಪ್ರತಿ, ಜಾತಿ–ಆದಾಯ ಪ್ರಮಾಣಪತ್ರ, ಪಾಸ್‌ಬುಕ್ಕಿನ ಮೊದಲ ಪುಟ. ಸಾಲದ್ದಕ್ಕೆ, ಬೇರೆ ಖಾತೆಗಳ ‘ಪಾಸ್‌ವರ್ಡ್ ಮರೆತಿರಾ?’ ಲಿಂಕ್ ಬಂದು ಬೀಳುವುದೂ ಅಲ್ಲಿಯೇ. ಮೇಲ್ ಪಾಸ್‌ವರ್ಡ್ ಸಿಕ್ಕಿದವನಿಗೆ ಇಡೀ ಬೀಗದ ಕೈ ಗೊಂಚಲೇ ಸಿಕ್ಕಂತೆ.

ಫೋನಿನಲ್ಲಿ ಜಿಮೇಲ್ ಆ್ಯಪ್ ಬಳಸುವವರಿಗೆ ಈ ಚಿಂತೆ ಕಡಿಮೆ. ಸಂಪರ್ಕವನ್ನು ಅದೇ ಭದ್ರ ಮಾಡಿಕೊಳ್ಳುತ್ತದೆ. ಆದರೆ ಕಾಲೇಜಿನದೋ ಕಂಪನಿಯದೋ ಸ್ವಂತ ಡೊಮೈನ್ ಮೇಲ್ ಸಿಕ್ಕರೆ ಥಂಡರ್‌ಬರ್ಡ್ ಅಥವಾ ಔಟ್‌ಲುಕ್‌ನಲ್ಲಿ ಎಷ್ಟೋ ಸಲ ನಾವೇ ಸೆಟ್ಟಿಂಗ್ ತುಂಬಬೇಕಾಗುತ್ತದೆ. ಸಣ್ಣ ಕಂಪನಿಯೊಂದರ ಐಟಿ ಸಪೋರ್ಟ್‌ನಲ್ಲಿ ನಾನು ಕೆಲಸಕ್ಕೆ ಸೇರಿ ಒಂದೂವರೆ ವರ್ಷ. ನನಗೆ ಬರುವ ಕರೆಗಳಲ್ಲಿ ಅರ್ಧ ಈ ಸೆಟ್ಟಿಂಗ್‌ನದ್ದೇ.

ಮೇಲ್ ಕಳಿಸುವ ಎಸ್‌ಎಂಟಿಪಿ ನಿಯಮಾವಳಿ ಬಂದದ್ದು 1982ರಲ್ಲಿ. ಆಗ ಜಾಲದಲ್ಲಿದ್ದ ಕಂಪ್ಯೂಟರ್‌ಗಳೇ ಕಡಿಮೆ, ಕದ್ದು ಕೇಳುವವರ ಭಯ ಯಾರಿಗೂ ಅಷ್ಟಾಗಿ ಇರಲಿಲ್ಲ. ಅದರ ಫಲ ಏನೆಂದು ನಾನು ಕಣ್ಣಾರೆ ಕಂಡದ್ದು ತರಬೇತಿಯ ದಿನಗಳಲ್ಲಿ. ನಮ್ಮ ಸರ್ ಒಂದು ಪರೀಕ್ಷಾರ್ಥ ಖಾತೆ ತೆರೆದು, ಐಎಂಎಪಿಯ 143ನೇ ಪೋರ್ಟ್‌ಗೆ ಬೀಗವಿಲ್ಲದೆ ಲಾಗಿನ್ ಆಗಿ, ಪಕ್ಕದಲ್ಲಿ ವೈರ್‌ಶಾರ್ಕ್ ತೆರೆದಿಟ್ಟರು. ಬಳಕೆದಾರರ ಹೆಸರು, ಅದರ ಪಕ್ಕದಲ್ಲೇ ಪಾಸ್‌ವರ್ಡ್, ಅಕ್ಷರ ಅಕ್ಷರವಾಗಿ ಪರದೆಯ ಮೇಲೆ! ಎಸ್‌ಎಂಟಿಪಿಯಲ್ಲಿ ಅದು ಬೇಸ್64 ರೂಪದಲ್ಲಿ ಕಂಡಿತು. ಅದು ಗೂಢಲಿಪಿ ಅಲ್ಲ, ಬರೀ ವೇಷ. ಕಳಚಲು ಒಂದು ಸೆಕೆಂಡೂ ಬೇಡ.

ಈ ಸಂಪರ್ಕಕ್ಕೆ ಬೀಗ ಹಾಕುವುದು ಟಿಎಲ್‌ಎಸ್. ಹಾಕುವ ರೀತಿ ಎರಡು. ಮೇಲ್ ತರಿಸಿಕೊಳ್ಳಲು 993 (ಐಎಂಎಪಿ) ಅಥವಾ 995 (ಪಿಒಪಿ), ಕಳಿಸಲು 465. ಇಲ್ಲಿ ಮೊದಲು ಬೀಗ, ಆಮೇಲೆ ಮಾತು. ಇನ್ನೊಂದು ಸ್ಟಾರ್ಟ್‌ಟಿಎಲ್‌ಎಸ್. 143, 110, 587ರಲ್ಲಿ ಬಯಲಲ್ಲೇ ಮಾತು ಶುರುವಾಗಿ, ನಡುವೆ ‘ಇನ್ನು ಗುಟ್ಟಾಗಿ ಮಾತಾಡೋಣ’ ಎಂದು ಒಪ್ಪಂದವಾಗುತ್ತದೆ. ತುಂಬಿದ ಬಸ್ಸಿನಲ್ಲಿ ಗೆಳೆಯನನ್ನು ಕೂಗಿ ‘ಬಾರೋ, ಗುಟ್ಟು ಹೇಳ್ತೀನಿ’ ಅಂದ ಹಾಗೆ! ನಡುವೆ ಕೂತವನು ಆ ಕರೆ ಕೇಳಿಸದಂತೆ ಮಾಡಿಬಿಟ್ಟರೆ? ಹಳೆಯ ಕೆಲವು ಕ್ಲೈಂಟ್‌ಗಳಲ್ಲಿ ‘ಲಭ್ಯವಿದ್ದರೆ ಟಿಎಲ್‌ಎಸ್’ ಎಂಬ ಆಯ್ಕೆ ಇತ್ತು. ಲಭ್ಯವಿಲ್ಲ ಎಂದು ನಂಬಿಸಿದರೆ ಅದು ಸದ್ದಿಲ್ಲದೆ ಬಯಲಲ್ಲೇ ಪಾಸ್‌ವರ್ಡ್ ಒಪ್ಪಿಸುತ್ತಿತ್ತು. 2021ರಲ್ಲಿ ಜರ್ಮನಿಯ ಸಂಶೋಧಕರು ಸ್ಟಾರ್ಟ್‌ಟಿಎಲ್‌ಎಸ್ ಬಳಸುವ ತಂತ್ರಾಂಶಗಳಲ್ಲಿ 40ಕ್ಕೂ ಹೆಚ್ಚು ದೋಷಗಳನ್ನು ಪತ್ತೆ ಮಾಡಿದರು. ಅದಕ್ಕೂ ಮೊದಲೇ, 2018ರ ಆರ್‌ಎಫ್‌ಸಿ 8314 ದಾಖಲೆ ಮೊದಲ ವಿಧಾನಕ್ಕೇ ಆದ್ಯತೆ ಕೊಡಿ ಎಂದಿತ್ತು. ಸಂದರ್ಶನದಲ್ಲಿ 465ಕ್ಕೂ 587ಕ್ಕೂ ಏನು ವ್ಯತ್ಯಾಸ ಎಂದು ಕೇಳಿದರೆ, ಬರೀ ನಂಬರ್ ಹೇಳುವವರಿಗಿಂತ ಬಸ್ಸಿನ ಕಥೆ ಹೇಳಿದವರೇ ಮೇಲು ಎಂಬುದು ನನ್ನ ಅಭಿಪ್ರಾಯ.

ಬೀಗ ಹಾಕಿದರಷ್ಟೇ ಸಾಲದು, ಆಚೆ ಬದಿಯಲ್ಲಿ ಇರುವವರು ಯಾರು ಎಂಬುದೂ ಗೊತ್ತಾಗಬೇಕು. ಅದಕ್ಕೇ ಸರ್ಟಿಫಿಕೇಟ್. ಒಮ್ಮೆ ನಮ್ಮ ಅಕೌಂಟ್ಸ್ ವಿಭಾಗದ ಅಕ್ಕ ಊರಿಂದ ಫೋನ್ ಮಾಡಿ, ‘ಏನೋ ಎಚ್ಚರಿಕೆ ಬರ್ತಿದೆ ಕಣೋ, ಓಕೆ ಒತ್ತಲಾ?’ ಎಂದರು. ‘ಬೇಡ ಅಕ್ಕ, ಅದರಲ್ಲಿ ಏನು ಬರೆದಿದೆ ಓದಿ’ ಎಂದೆ. ಇಂಥ ಎಚ್ಚರಿಕೆಗೆ ಕಾರಣ ಹಲವು. ಸರ್ಟಿಫಿಕೇಟ್ ಅವಧಿ ಮುಗಿದಿರಬಹುದು. ಲೆಟ್ಸ್ ಎನ್‌ಕ್ರಿಪ್ಟ್‌ನ ಉಚಿತ ಸರ್ಟಿಫಿಕೇಟ್ 90 ದಿನಕ್ಕೇ ಮುಗಿಯುವುದುಂಟು. ಹೆಸರು ಹೊಂದದೇ ಇರಬಹುದು. ಇಲ್ಲವೇ ಲಾಡ್ಜ್‌ನ ವೈಫೈಯಲ್ಲಿ ನಿಜಕ್ಕೂ ಯಾರೋ ನಡುವೆ ನುಸುಳಿರಬಹುದು. ಅಕ್ಕನದು ಎರಡನೆಯದು. ನಮ್ಮ ಮೇಲ್ ಹೋಸ್ಟಿಂಗ್ ಕಂಪನಿಯ ಸರ್ವರ್‌ನಲ್ಲಿದೆ, ಸರ್ಟಿಫಿಕೇಟ್ ಅವರ ಹೆಸರಿನಲ್ಲಿದೆ, ಸೆಟ್ಟಿಂಗ್‌ನಲ್ಲಿ ನಮ್ಮ ಡೊಮೈನ್ ಇತ್ತು. ಹೋಸ್ಟಿಂಗ್‌ನವರಿಗೇ ಫೋನ್ ಮಾಡಿ ಸರ್ವರ್ ಹೆಸರು ಖಚಿತಪಡಿಸಿಕೊಂಡು ತಿದ್ದಿಸಿದೆ. ಹತ್ತು ನಿಮಿಷದ ಕೆಲಸ. ಆದರೆ ಆ ‘ಓಕೆ’ ಒತ್ತಿದ್ದರೆ, ಮೂರನೆಯ ಕಾರಣ ಇದ್ದ ದಿನವೂ ಅವರ ಬೆರಳು ಅಲ್ಲಿಗೇ ಹೋಗುತ್ತಿತ್ತು.

ಇದಿಷ್ಟೂ ನಿಮ್ಮ ಕಂಪ್ಯೂಟರಿನಿಂದ ನಿಮ್ಮ ಸರ್ವರ್‌ವರೆಗಿನ ದಾರಿಯ ಮಾತು. ಸರ್ವರ್ ನಡೆಸುವವರು ಮೇಲ್ ಓದುವುದನ್ನು ಟಿಎಲ್‌ಎಸ್ ತಡೆಯದು. ‘ನೀವು ಆಯ್ಕೆಯಾಗಿದ್ದೀರಿ, ಶುಲ್ಕ ಕಟ್ಟಿ’ ಎಂಬ ಮೋಸದ ಮೇಲ್ ಕೂಡ ಇದೇ ಭದ್ರ ದಾರಿಯಲ್ಲಿ ಠೀವಿಯಿಂದ ಬರುತ್ತದೆ.

ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಖಾತೆಯ ಸರ್ವರ್ ಸೆಟ್ಟಿಂಗ್ ತೆರೆದು, ಸಂಪರ್ಕ ಭದ್ರತೆ ಎಂಬಲ್ಲಿ ‘ನನ್’ ಎಂದಿದೆಯೇ ನೋಡಿ. ಇದ್ದರೆ ‘ಎಸ್‌ಎಸ್‌ಎಲ್/ಟಿಎಲ್‌ಎಸ್’ ಆರಿಸಿ, 993 ಮತ್ತು 465 ಹಾಕಿ. ಸರ್ವರ್‌ನಲ್ಲಿ 465 ಇಲ್ಲದಿದ್ದರೆ 587 ಜತೆ ಸ್ಟಾರ್ಟ್‌ಟಿಎಲ್‌ಎಸ್ ಇರಲಿ. ಒಳಬರುವ, ಹೊರಹೋಗುವ ಸರ್ವರ್ ಎರಡನ್ನೂ ನೋಡಬೇಕು. ಹೆಚ್ಚಿನವರು ಎರಡನೆಯದನ್ನು ಮರೆಯುತ್ತಾರೆ. ಆಮೇಲೆ ಪಾಸ್‌ವರ್ಡನ್ನೂ ಬದಲಿಸಿ. ಹಳೆಯದು ಇಷ್ಟು ದಿನ ಬಯಲಲ್ಲೇ ಓಡಾಡಿದೆ.