ಓಡುವುದು ಬ್ಯಾಟನ್

2016ರ ರಿಯೋ ಒಲಿಂಪಿಕ್ಸ್‌ನ ಪುರುಷರ 4x100 ಮೀಟರ್ ರಿಲೇ ಫೈನಲ್. ಉಸೇನ್ ಬೋಲ್ಟ್ ಇದ್ದ ಜಮೈಕಾ 37.27 ಸೆಕೆಂಡಿನಲ್ಲಿ ಗೆದ್ದಿತು. ಅದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಹುಬ್ಬೇರಿಸುವಂತಿದ್ದದ್ದು ಬೆಳ್ಳಿ ಗೆದ್ದ ಜಪಾನ್. ಯಾಮಾಗಾಟಾ, ಈಝುಕಾ, ಕಿರ್ಯು, ಕೇಂಬ್ರಿಜ್ ಈ ನಾಲ್ವರಲ್ಲಿ ಒಬ್ಬರೂ ಅಲ್ಲಿಯವರೆಗೆ ದಾಖಲೆಗೆ ಸಲ್ಲುವಂತೆ ನೂರು ಮೀಟರನ್ನು ಹತ್ತು ಸೆಕೆಂಡಿನೊಳಗೆ ಓಡಿದವರಲ್ಲ. ನಾಲ್ವರ ಅತ್ಯುತ್ತಮ ವೈಯಕ್ತಿಕ ಸಮಯಗಳನ್ನು ಕೂಡಿಸಿದರೆ 40.38 ಸೆಕೆಂಡು. ತಂಡ ಗುರಿ ಮುಟ್ಟಿದ್ದು 37.60ಕ್ಕೆ! ಇದೇ ಲೆಕ್ಕದಲ್ಲಿ ಜಮೈಕಾ ಉಳಿಸಿದ್ದು ಸುಮಾರು 1.6 ಸೆಕೆಂಡು, ಜಪಾನ್ ಉಳಿಸಿದ್ದು ಸುಮಾರು 2.8.

ಜಪಾನೀಯರ ಶಿಸ್ತು ಎಂದು ಹೊಗಳಿ ಮಾತು ಮುಗಿಸುವವರಿದ್ದಾರೆ. ನನಗದು ಅರ್ಧ ಉತ್ತರ. ಉಳಿದರ್ಧ ಭೌತಶಾಸ್ತ್ರದಲ್ಲಿದೆ.

2009ರಲ್ಲಿ ಬರ್ಲಿನ್‌ನಲ್ಲಿ 9.58 ಸೆಕೆಂಡಿನ ವಿಶ್ವದಾಖಲೆ ಬರೆದಾಗ ಬೋಲ್ಟ್‌ಗೆ ಮೊದಲ 20 ಮೀಟರಿಗೆ 2.88 ಸೆಕೆಂಡು ಹಿಡಿಯಿತು. 60ರಿಂದ 80 ಮೀಟರ್ ನಡುವಿನ ಅಷ್ಟೇ ದೂರಕ್ಕೆ ಸಾಕಾದದ್ದು 1.61. ನಿಂತ ದೇಹಕ್ಕೆ ವೇಗ ತುಂಬುವುದೇ ಓಟದ ದುಬಾರಿ ಭಾಗ. ರಿಲೇಯಲ್ಲಿ ಗಡಿಯಾರ ಅಳೆಯುವುದು ಬ್ಯಾಟನ್ನಿನ ಪಯಣವನ್ನು. ಮೊದಲ ಓಟಗಾರನೊಬ್ಬ ಬಿಟ್ಟರೆ ಉಳಿದ ಮೂವರು ಅದು ಕೈಗೆ ಬರುವ ಮೊದಲೇ ಓಡತೊಡಗಿರುತ್ತಾರೆ; ಹೊರಟ ಬಸ್ಸಿನ ಜೊತೆ ನಾಲ್ಕು ಹೆಜ್ಜೆ ಓಡಿ ಕಂಬಿ ಹಿಡಿಯುವವರ ಹಾಗೆ.

ಎಷ್ಟು ಮೊದಲು ಹೊರಡಬೇಕು? ಓಟಗಾರರು ತಾವು ನಿಲ್ಲುವ ಜಾಗದಿಂದ ಹಿಂದಕ್ಕೆ ಪಾದದಿಂದ ಪಾದಕ್ಕೆ ಅಳೆದು ಟ್ರ್ಯಾಕಿನ ಮೇಲೆ ಪಟ್ಟಿ ಅಂಟಿಸಿಕೊಳ್ಳುತ್ತಾರೆ. ಬರುವವನು ಆ ಪಟ್ಟಿ ದಾಟಿದ ಕ್ಷಣ ಹೊರಡುವವನು ಮುಂದೆ ಮುಖ ಮಾಡಿ ಓಡಬೇಕು, ಮತ್ತೆ ತಿರುಗಿ ನೋಡುವಂತಿಲ್ಲ. ಬರುವವನು ಸೆಕೆಂಡಿಗೆ ಹತ್ತು ಮೀಟರಿಗೂ ಹೆಚ್ಚು ವೇಗದಲ್ಲಿರುತ್ತಾನೆ. ಹೊರಡುವವನು ಸೆಕೆಂಡಿನ ಹತ್ತನೇ ಒಂದು ಭಾಗ ಆತುರಪಟ್ಟರೂ ಇಬ್ಬರ ನಡುವೆ ಸುಮಾರು ಒಂದು ಮೀಟರ್ ಅಂತರ ಹೆಚ್ಚುತ್ತದೆ. ಚಾಚಿದ ಕೈಗಳು ತುಂಬಬಲ್ಲ ಅಂತರವೇ ಹೆಚ್ಚೂಕಡಿಮೆ ಅಷ್ಟು. ತಡಮಾಡಿದರೆ ಬರುವವನು ವೇಗ ತಗ್ಗಿಸಬೇಕು, ಬ್ಯಾಟನ್ನೂ ನಿಧಾನವಾಗುತ್ತದೆ.

ಹೆಚ್ಚಿನ ತಂಡಗಳು ಭುಜದೆತ್ತರಕ್ಕೆ ಹಿಂದೆ ಚಾಚಿದ ಅಂಗೈಗೆ ಬ್ಯಾಟನ್ ಇಡುತ್ತವೆ. ಇಬ್ಬರ ತೋಳಿನ ಉದ್ದದಷ್ಟು ದೂರವನ್ನು ಯಾರೂ ಓಡದೆಯೇ ಬ್ಯಾಟನ್ ಕ್ರಮಿಸುತ್ತದೆ ಎಂಬುದು ಇದರ ಲಾಭ. ಜಪಾನ್ ಆರಿಸಿಕೊಂಡದ್ದು ಕೆಳಗಿನಿಂದ ಮೇಲಕ್ಕೆ ಕೊಡುವ ಕ್ರಮ. ಇಲ್ಲಿ ಆ ಬಿಟ್ಟಿ ದೂರ ಕಡಿಮೆ. ಆದರೆ ಹೊರಡುವವನ ಕೈ ಓಟದ ಸಹಜ ಬೀಸಿನಲ್ಲೇ ಇರುವುದರಿಂದ ವೇಗ ಕೆಡುವುದಿಲ್ಲ. ಜಪಾನೀಯರು ತೋಳನ್ನು ಇನ್ನಷ್ಟು ಹಿಂದಕ್ಕೆ ಚಾಚುವುದನ್ನು ಕಲಿತು ಆ ನಷ್ಟವನ್ನೂ ತಗ್ಗಿಸಿದರು.

ರಿಯೋದ ಅದೇ ಫೈನಲ್‌ನಲ್ಲಿ ಮೂರನೆಯದಾಗಿ ಬಂದ ಅಮೆರಿಕ ಅನರ್ಹಗೊಂಡಿತು: ಬ್ಯಾಟನ್ ಕೈ ಬದಲಾಗಬೇಕಾದ, ಆಗ 20 ಮೀಟರ್ ಇದ್ದ ವಲಯ ಪ್ರವೇಶಿಸುವ ಮೊದಲೇ ಅದು ತಂಡದ ಓಟಗಾರ ಗ್ಯಾಟ್ಲಿನ್ ಕೈ ಸೋಕಿತ್ತು. ನಿಯಮ ನೋಡುವುದು ಬ್ಯಾಟನ್ ಎಲ್ಲಿದೆ ಎಂದು, ಓಟಗಾರನ ಕಾಲು ಎಲ್ಲಿದೆ ಎಂದಲ್ಲ. ಈಗ ವಲಯ 30 ಮೀಟರಿಗೆ ಹಿಗ್ಗಿದೆ.

4x400ರ ಕಥೆ ಬೇರೆ. 2023ರಲ್ಲಿ ಬುಡಾಪೆಸ್ಟ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅನಸ್, ಅಮೋಜ್, ಅಜ್ಮಲ್, ರಾಜೇಶ್ ಅವರ ಭಾರತ ತಂಡ 2 ನಿಮಿಷ 59.05 ಸೆಕೆಂಡಿನ ಏಷ್ಯಾ ದಾಖಲೆ ಮಾಡಿತಲ್ಲ, ಅಲ್ಲಿ ಬರುವವನು ದಣಿದು ತತ್ತರಿಸುತ್ತಿರುತ್ತಾನೆ. ಅವನ ವೇಗವನ್ನು ನಂಬಿ ಕಣ್ಣುಮುಚ್ಚಿ ಹೊರಡಲಾಗದು. ತಿರುಗಿ ನೋಡಿಯೇ ಬ್ಯಾಟನ್ ಪಡೆಯಬೇಕು.

ಜಪಾನ್ 2021ರಲ್ಲಿ ಟೋಕಿಯೋದಲ್ಲಿ, ತನ್ನದೇ ನೆಲದಲ್ಲಿ, ಮತ್ತೆ ಫೈನಲ್ ತಲುಪಿತು. ಈ ಬಾರಿ ತಂಡದ ಮೂವರು ಹತ್ತು ಸೆಕೆಂಡಿನೊಳಗೆ ಓಡಿದ್ದವರು. ಮೊದಲ ವಿನಿಮಯದಲ್ಲಿ ಯಾಮಾಗಾಟಾ ಹೊರಟರು, ಹಿಂದಿನಿಂದ ಮೊದಲ ಓಟಗಾರ ತಾದಾ ಚಾಚಿದ ಬ್ಯಾಟನ್ ಅವರ ಕೈಗೆ ಎಟುಕಲಿಲ್ಲ. ವಲಯ ಮುಗಿಯಿತು. ಮೂರು ಮತ್ತು ನಾಲ್ಕನೆಯ ಓಟಗಾರರಿಗೆ ಓಡುವ ಅವಕಾಶವೇ ಬರಲಿಲ್ಲ.