ಮೈದಾನ ಕೇಳಿದ ಹುಡುಗರು

ಊರ ಬಯಲಲ್ಲಿ ಹುಡುಗರು ಕ್ರಿಕೆಟ್ ಆಡೋದನ್ನ ನಾವೆಲ್ಲ ನೋಡಿದ್ದೇವೆ. "ಊಟದ ಹೊತ್ತಾದರೂ ಮನೆಗೆ ಬರಲ್ಲ" ಅಂತ ಬೈದೂ ಇದ್ದೇವೆ. ಈ ಆಟ ಇಂಗ್ಲೆಂಡಿನಿಂದ ಬಂತು. ಹಾಗಾದರೆ ನಮ್ಮ ದೇಶದವರು ಇದನ್ನು ಕಲಿತದ್ದು ಹೇಗೆ? ಆಡಲು ಅವರಿಗೆ ಜಾಗ ಸಿಕ್ಕಿದ್ದು ಹೇಗೆ? ಬನ್ನಿ, ತಿಳಿಯೋಣ.

ಛತ್ರಿಯೇ ಬ್ಯಾಟು

ಆಗ ನಮ್ಮನ್ನು ಆಳುತ್ತಿದ್ದವರು ಇಂಗ್ಲಿಷರು. ಮುಂಬಯಿಯಲ್ಲಿ ಒಂದು ದೊಡ್ಡ ಮೈದಾನ ಇತ್ತು. ಅಲ್ಲಿ ಬಿಳಿಯರು ಕ್ರಿಕೆಟ್ ಆಡುತ್ತಿದ್ದರು. ಪಾರ್ಸಿ ಹುಡುಗರು ನಿಂತು ನೋಡುತ್ತಿದ್ದರು. ಪಾರ್ಸಿಗಳು ಅಂದರೆ ಯಾರು? ಬಹಳ ಹಿಂದೆ ಇರಾನ್ ದೇಶದಿಂದ ಬಂದು ಇಲ್ಲಿ ನೆಲೆಸಿದವರು.

ನೋಡಿ ನೋಡಿ ಹುಡುಗರಿಗೂ ಆಸೆ ಆಯಿತು. ಆದರೆ ಸಾಮಾನು ಎಲ್ಲಿದೆ? ಛತ್ರಿಯೇ ಬ್ಯಾಟು ಆಯಿತು. ತಲೆಯ ಟೋಪಿಯೇ ವಿಕೆಟ್ ಆಯಿತು. ಹಳೇ ಬಟ್ಟೆ ತುರುಕಿ ಹೊಲಿದದ್ದೇ ಚೆಂಡು. ಅದು ಗುಂಡಗೂ ಇರಲಿಲ್ಲ!

1848ರಲ್ಲಿ ಅವರು ಒಂದು ಕ್ಲಬ್ಬು ಕಟ್ಟಿದರು. ಅದರ ಹೆಸರು ಓರಿಯಂಟಲ್ ಕ್ರಿಕೆಟ್ ಕ್ಲಬ್. ಕ್ಲಬ್ಬು ಅಂದರೆ ಸಂಘ. ನಮ್ಮ ಮಹಿಳಾ ಸಂಘ ಇದ್ದ ಹಾಗೆ. ಈ ಕ್ಲಬ್ಬು ಹೆಚ್ಚು ದಿನ ನಡೆಯಲಿಲ್ಲ. ಅವರು ಕೈಚೆಲ್ಲಿ ಕೂರಲಿಲ್ಲ. 1850ರಲ್ಲಿ ಇನ್ನೊಂದು ಕ್ಲಬ್ಬು ಹುಟ್ಟಿತು. ಮುಂದೆ ಇಂಥ ಅನೇಕ ಕ್ಲಬ್ಬುಗಳು ಆದವು.

ಕುದುರೆ ತುಳಿದ ನೆಲ

1875ರಲ್ಲಿ ಬಿಳಿಯರು ಬಾಂಬೆ ಜಿಮ್‌ಖಾನಾ ಎಂಬ ಕ್ಲಬ್ಬು ಮಾಡಿದರು. ಅದರಲ್ಲಿ ಭಾರತೀಯರಿಗೆ ಪ್ರವೇಶ ಇರಲಿಲ್ಲ. ಮೈದಾನದ ಒಂದು ಭಾಗ ಅವರಿಗೇ ಸೇರಿತ್ತು. ಅದು ಸಾಲದು ಅಂತ ಉಳಿದ ಭಾಗದಲ್ಲಿ ಪೋಲೋ ಆಡಲು ಬಂದರು. ಪೋಲೋ ಅಂದರೆ ಕುದುರೆ ಮೇಲೆ ಕೂತು ಚೆಂಡು ಹೊಡೆಯುವ ಆಟ.

ಕುದುರೆಗಳು ಓಡಿದರೆ ನೆಲ ಏನಾಗುತ್ತೆ ಹೇಳಿ? ಹುಲ್ಲು ಕಿತ್ತು ಹೋಯಿತು. ನೆಲ ಹಳ್ಳಕೊಳ್ಳ ಆಯಿತು. ಅಲ್ಲಿ ಬಿದ್ದ ಕ್ರಿಕೆಟ್ ಚೆಂಡು ಎತ್ತೆತ್ತಲೋ ಹಾರುತ್ತಿತ್ತು. ಆಡುವವರಿಗೆ ಪೆಟ್ಟಾಗುವ ಭಯ.

ಒಂದು ಅರ್ಜಿ, ನೂರಾರು ಸಹಿ

ಹುಡುಗರು ಜಗಳಕ್ಕೆ ಹೋಗಲಿಲ್ಲ. 1881ರಲ್ಲಿ ಸರಕಾರಕ್ಕೆ ಒಂದು ಅರ್ಜಿ ಬರೆದರು. ಶಾಪೂರ್ಜಿ ಸೊರಾಬ್ಜಿ ಎಂಬ ಪಾರ್ಸಿ ಆಟಗಾರರು ಈ ಕೆಲಸದಲ್ಲಿ ಮುಂದೆ ನಿಂತರು. ನೂರಾರು ಆಟಗಾರರು ಸಹಿ ಹಾಕಿದರು. ಅವರ ಮಾತು ಸರಳವಾಗಿತ್ತು. ಪೋಲೋ ಆಡುವವರು ಕೆಲವೇ ಜನ. ಕ್ರಿಕೆಟ್ ಆಡುವವರು ನೂರಾರು ಜನ. ಕೆಲವರ ಸಂತೋಷಕ್ಕೆ ಎಲ್ಲರ ನೆಲ ಹಾಳಾಗಬೇಕೇ?

1882ರಲ್ಲಿ ಸರಕಾರ ಒಪ್ಪಿತು. ಪೋಲೋ ಬೇರೆ ಕಡೆ ಹೋಯಿತು. ಎಲ್ಲರಿಗೂ ಖುಷಿ. ಆದರೆ ಆ ಖುಷಿ ಒಂದೇ ವರ್ಷ. 1883ರಲ್ಲಿ ಪೋಲೋ ಆಡುವವರು ಸರಕಾರದ ಮನಸ್ಸು ತಿರುಗಿಸಿದರು. ಕುದುರೆಗಳು ಮತ್ತೆ ಬಂದವು!

ಪಾರ್ಸಿಗಳು ಮತ್ತೆ ಬರೆದರು. ಕೇಳುವುದನ್ನು ಬಿಡಲಿಲ್ಲ. 1885ರಲ್ಲಿ ಪಾರ್ಸಿ ಜಿಮ್‌ಖಾನಾ ಎಂಬ ಸಂಘ ಕಟ್ಟಿದರು. 1887ರಲ್ಲಿ ಸಮುದ್ರದ ದಂಡೆಯಲ್ಲಿ ಅದಕ್ಕೆ ಜಾಗ ಸಿಕ್ಕಿತು. ಅದು ಇವತ್ತಿಗೂ ಅಲ್ಲೇ ಇದೆ. ಮುಂದೆ ಹಿಂದೂಗಳ, ಮುಸ್ಲಿಮರ ಕ್ಲಬ್ಬುಗಳಿಗೂ ಪಕ್ಕದಲ್ಲೇ ಜಾಗ ಸಿಕ್ಕಿತು.

ಆಟದಲ್ಲೂ ಅವರು ಮುಂದೆ ಬಂದರು. 1886ರಲ್ಲಿ ಇಂಗ್ಲೆಂಡಿಗೆ ಹೋದಾಗ ಒಂದೇ ಒಂದು ಪಂದ್ಯ ಗೆದ್ದರು. 1888ರಲ್ಲಿ ಮತ್ತೆ ಹೋಗಿ ಎಂಟು ಗೆದ್ದರು. 1890ರಲ್ಲಿ ಇಂಗ್ಲೆಂಡಿನಿಂದ ಬಂದ ತಂಡವನ್ನು ಮುಂಬಯಿಯಲ್ಲೇ ಸೋಲಿಸಿದರು.

ಹೆಣ್ಣುಮಕ್ಕಳು ಎಲ್ಲಿ?

ಈ ತಂಡಗಳಲ್ಲಿ ಆಡಿದವರೆಲ್ಲ ಗಂಡಸರು. ಹೆಣ್ಣುಮಕ್ಕಳು ಬಹಳ ಕಾಲ ಕಾಯಬೇಕಾಯಿತು. ಭಾರತದ ಹೆಣ್ಣುಮಕ್ಕಳ ತಂಡ ಮೊದಲ ಟೆಸ್ಟ್ ಪಂದ್ಯ ಆಡಿದ್ದು 1976ರಲ್ಲಿ. ಅದೂ ನಮ್ಮ ಬೆಂಗಳೂರಿನಲ್ಲಿ! ತಂಡದ ನಾಯಕಿ ಶಾಂತಾ ರಂಗಸ್ವಾಮಿ. ಅವರು ನಮ್ಮ ಕರ್ನಾಟಕದವರು.

ನಾವೂ ಅರ್ಜಿ ಬರೆಯೋಣ

ಅಕ್ಕ ತಂಗಿಯರೇ, ಬಾಯಲ್ಲಿ ಹೇಳಿದ ಮಾತು ಗಾಳಿಗೆ ಹೋಗುತ್ತದೆ. ಬರೆದ ಮಾತು ಉಳಿಯುತ್ತದೆ. ನಮಗೂ ಈಗ ಬರೆಯಲು ಬರುತ್ತದೆ ಅಲ್ವಾ? ನೀರು, ದೀಪ, ರಸ್ತೆ, ಮಕ್ಕಳಿಗೆ ಆಟದ ಜಾಗ, ಏನೇ ಬೇಕಿದ್ದರೂ ಹೀಗೆ ಮಾಡಿ.

ಮೇಲೆ ತಾರೀಖು ಹಾಕಿ. ಯಾರಿಗೆ ಬರೆಯುತ್ತಿದ್ದೀರಿ, ಅದನ್ನು ಬರೆಯಿರಿ. ತೊಂದರೆ ಏನು, ನಿಮಗೆ ಏನು ಬೇಕು, ಎರಡನ್ನೂ ಚಿಕ್ಕದಾಗಿ ಹೇಳಿ. ಎಲ್ಲರಿಗೂ ಓದಿ ಹೇಳಿ. ಆಮೇಲೆ ಸಹಿ ಹಾಕಿಸಿ. ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. ಅರ್ಜಿ ಕೊಟ್ಟದ್ದಕ್ಕೆ ಕಚೇರಿಯ ಮೊಹರು ಹಾಕಿಸಿಕೊಳ್ಳಿ. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಒಂದು ಸಲಕ್ಕೆ ಆಗಲಿಲ್ಲವೇ? ಮತ್ತೆ ಬರೆಯಿರಿ.

ಯೋಚಿಸಿ, ಮಾತಾಡಿ

1. ಪಾರ್ಸಿ ಹುಡುಗರ ತೊಂದರೆ ಏನಾಗಿತ್ತು?
2. ಒಬ್ಬರೇ ಬರೆದ ಅರ್ಜಿಗೂ ನೂರು ಜನರ ಅರ್ಜಿಗೂ ಏನು ವ್ಯತ್ಯಾಸ?
3. ನಿಮ್ಮೂರಲ್ಲಿ ಹೆಣ್ಣುಮಕ್ಕಳು ಆಡಲು ಜಾಗ ಇದೆಯೇ?
4. ನಿಮ್ಮ ಕೇರಿಗೆ ಏನು ಬೇಕು? ಎಲ್ಲರೂ ಸೇರಿ ಒಂದು ಅರ್ಜಿ ಬರೆಯಿರಿ.