ಅಕ್ಷರದ ಕಳೆ ಕೀಳುವ ಕಾಯಕ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕ ಚಕ್ರವರ್ತಿಯ ಶಾಸನವಿದೆ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಬಂಡೆಯ ಮೇಲೆ ಕೊರೆದ ಆ ಅಕ್ಷರಗಳು ಎರಡು ಸಾವಿರ ವರ್ಷ ಮಳೆ ಬಿಸಿಲಿಗೆ ಮೈಯೊಡ್ಡಿ ಅಲ್ಲಿಯೇ ಇದ್ದವು. ದನ ಕುರಿ ಕಾಯುವವರು ಎಷ್ಟೋ ತಲೆಮಾರು ಅದರ ಪಕ್ಕದಲ್ಲಿ ಹಾದುಹೋಗಿರಬೇಕು. ಆದರೆ 1892ರಲ್ಲಿ ಬಿ.ಎಲ್. ರೈಸ್ ಅವರು ಅದನ್ನು ಬೆಳಕಿಗೆ ತರುವವರೆಗೆ ಆ ಬಂಡೆ ನಾಡಿನೊಂದಿಗೆ ಮಾತನಾಡಲಿಲ್ಲ. ಅಕ್ಷರ ಇರುವುದು ಬೇರೆ, ಅದು ಓದುಗನಿಗೆ ದಕ್ಕುವುದು ಬೇರೆ.

ಇಂದು ನಮ್ಮ ಹಳೆಯ ಪುಸ್ತಕಗಳ ಸ್ಥಿತಿಯೂ ಹೆಚ್ಚುಕಡಿಮೆ ಹೀಗೆಯೇ ಇದೆ. ಗ್ರಂಥಾಲಯಗಳ ಕಪಾಟಿನಲ್ಲಿ ಗೆದ್ದಲು ಹಿಡಿಯುತ್ತಿದ್ದ ಸಾವಿರಾರು ಕನ್ನಡ ಪುಸ್ತಕಗಳನ್ನು ಈಗ ಪುಟಪುಟವಾಗಿ ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಇಡಲಾಗಿದೆ. ಒಳ್ಳೆಯ ಕೆಲಸವೇ ಸರಿ. ಕಣ್ಣಿದ್ದವರು ಕುಳಿತಲ್ಲಿಯೇ ಓದಬಹುದು. ಆದರೆ ದೃಷ್ಟಿಯಿಲ್ಲದವರ ಗತಿಯೇನು? ವಯಸ್ಸಾಗಿ ಕಣ್ಣು ಮಂಜಾದ ಹಿರಿಯರ ಗತಿಯೇನು? ಸ್ಕ್ಯಾನ್ ಮಾಡಿದ ಪುಟವೆಂದರೆ ಅದು ಪುಟದ ಭಾವಚಿತ್ರ ಮಾತ್ರ. ಗೋಡೆಗೆ ತೂಗುಹಾಕಿದ ಅಜ್ಜನ ಪಟ ಹೇಗೆ ಮಾತನಾಡದೋ ಹಾಗೆಯೇ ಆ ಪುಟವೂ ಮಾತನಾಡದು.

ಅದನ್ನು ಮಾತನಾಡಿಸುವ ಉಪಾಯವುಂಟು. ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸುವ ತಂತ್ರಾಂಶಗಳು ಕನ್ನಡಕ್ಕೂ ಬಂದಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ 'ಲಿಪಿ ಜ್ಞಾನಿ' ಅಂಥದೊಂದು. ಹೀಗೆ ಗುರುತಿಸಿದ ಪಠ್ಯವನ್ನು ಗಟ್ಟಿಯಾಗಿ ಓದಿ ಹೇಳುವ ಧ್ವನಿ ತಂತ್ರಾಂಶಗಳಿವೆ. ಅದೇ ಪಠ್ಯವನ್ನು ಬ್ರೈಲ್ ಲಿಪಿಗೂ ತಿರುಗಿಸಬಹುದು. ಆದರೆ ಯಂತ್ರ ಗುರುತಿಸಿದ್ದೆಲ್ಲವೂ ಶುದ್ಧವಾಗಿರುವುದಿಲ್ಲ. ಮುಂಗಾರಿನ ಹೊಲದಲ್ಲಿ ಪೈರಿನೊಂದಿಗೆ ಕಳೆಯೂ ಹುಟ್ಟುವಂತೆ ಅಕ್ಷರದೊಂದಿಗೆ ತಪ್ಪೂ ಹುಟ್ಟುತ್ತದೆ.

ಆ ಕಳೆ ಎಂಥದೆಂದು ಭಕ್ತಮಹಾಶಯರು ತಿಳಿಯಬೇಕು. 'ಲಿಂಗ' ಎಂಬ ಪದದ ಅನುಸ್ವಾರವೂ ಕನ್ನಡದ ಸೊನ್ನೆಯೂ ಕಣ್ಣಿಗೆ ಒಂದೇ. ಯಂತ್ರ ಅಲ್ಲಿ ಸೊನ್ನೆಯನ್ನು ಕೂರಿಸಿದರೆ ನೋಡುವವನಿಗೆ ಯಾವ ದೋಷವೂ ಕಾಣದು, ಕೇಳುವವನ ಕಿವಿಗೆ ಮಾತ್ರ 'ಲಿ ಸೊನ್ನೆ ಗ' ಎಂದು ಬೀಳುತ್ತದೆ. 'ಧರ್ಮ'ದ ಅರ್ಕಾವೊತ್ತು ಒಂಬತ್ತರ ಅಂಕೆಯಂತೆಯೇ ಇರುವುದರಿಂದ 'ಧಮ ಒಂಬತ್ತು' ಎಂದಾಗುತ್ತದೆ. ಅಕ್ಷರದ ಅಡಿಯ ಒಂದು ಸಣ್ಣ ಗೀಟು ಮಸುಕಾಗಿದ್ದರೆ ಸಾಕು, 'ಧನ' ಹೋಗಿ 'ದನ' ಬರುತ್ತದೆ. ಪ್ರತಿ ಪುಟದ ನೆತ್ತಿಯ ಮೇಲೆ ಅಚ್ಚಾದ ಪುಸ್ತಕದ ಹೆಸರು ವಾಕ್ಯದ ನಡುವೆ ನುಗ್ಗಿ, ಪೂಜೆಯ ಹೊತ್ತಿನಲ್ಲಿ ಬಾಗಿಲು ಬಡಿದಂತೆ ಕಿರಿಕಿರಿ ಮಾಡುತ್ತದೆ. ಸಾಲಿನ ಕೊನೆಯಲ್ಲಿ ಜಾಗ ಸಾಲದೆ ಒಡೆದ ಪದ ಎರಡು ತುಂಡಾಗಿಯೇ ಉಳಿಯುತ್ತದೆ. ಎರಡು ಕಾಲಂ ಇರುವ ಪುಟವಾದರೆ ಎಡದ ಅರ್ಧ ವಾಕ್ಯಕ್ಕೆ ಬಲದ ಅರ್ಧ ವಾಕ್ಯ ಗಂಟುಬೀಳುತ್ತದೆ.

ನಮ್ಮ ಜಿಲ್ಲೆಯದೇ ಒಂದು ಉದಾಹರಣೆ ಕೊಡುತ್ತೇವೆ. ಆಗಿನ ಚಿತ್ರದುರ್ಗ ಜಿಲ್ಲೆಯ ಶಾಸನಗಳನ್ನು ರೈಸ್ ಅವರು 'ಎಪಿಗ್ರಾಫಿಯಾ ಕರ್ನಾಟಿಕಾ' ಗ್ರಂಥಮಾಲೆಯ 11ನೆಯ ಸಂಪುಟವಾಗಿ 1903ರಲ್ಲಿ ಪ್ರಕಟಿಸಿದರು. ಹಿರಿಯೂರು, ಹೊಳಲ್ಕೆರೆ ಮೊದಲಾಗಿ ತಾಲ್ಲೂಕುವಾರು ಶಾಸನಗಳಿಗೆ ಸಂಖ್ಯೆ ಕೊಟ್ಟು ಜೋಡಿಸಿದ ಗ್ರಂಥವದು. ಶಾಸನದ ಕನ್ನಡ ಪಾಠ, ಅದರ ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದ ಎಲ್ಲವೂ ಅದರಲ್ಲಿವೆ. ಕೇಳಿ ಓದುವವನಿಗೆ ಇವು ಮೂರೂ ಬೇರೆಬೇರೆಯಾಗಿ ಸಿಗಬೇಕು. ತನ್ನ ತಾಲ್ಲೂಕಿನ ಶೀರ್ಷಿಕೆಗೆ ಅವನು ನೇರವಾಗಿ ಹೋಗುವಂತಿರಬೇಕು. ದಪ್ಪ ಅಕ್ಷರದಲ್ಲಿದ್ದ ಮಾತ್ರಕ್ಕೆ ಅದು ಶೀರ್ಷಿಕೆಯೆಂದು ಧ್ವನಿ ತಂತ್ರಾಂಶಕ್ಕೆ ತಿಳಿಯದು. ಅದಕ್ಕೆ ಶೀರ್ಷಿಕೆಯ ಗುರುತನ್ನೇ ಹಾಕಬೇಕು. ಪುಟಸಂಖ್ಯೆಯನ್ನು ವಾಕ್ಯದೊಳಗಿಂದ ತೆಗೆಯಬೇಕು, ಆದರೆ ಬಿಸಾಡಬಾರದು. ಪ್ರತ್ಯೇಕ ಗುರುತಾಗಿ ಉಳಿಸಬೇಕು. ಇಲ್ಲವಾದರೆ ಆ ಓದುಗ ನಾಲ್ಕು ಜನರ ಮುಂದೆ 'ಇಂಥ ಪುಟದಲ್ಲಿ ಇಂಥ ಮಾತಿದೆ' ಎಂದು ಆಧಾರ ತೋರಿಸುವುದು ಹೇಗೆ? ಅಡಿಟಿಪ್ಪಣಿಯನ್ನು ಅದು ಸೇರಬೇಕಾದ ಮಾತಿನ ಕೊನೆಗೆ ಸೇರಿಸಬೇಕು. ಚಿತ್ರವಿದ್ದರೆ ಅದರಲ್ಲೇನಿದೆ ಎಂದು ಎರಡು ಸಾಲು ಬರೆಯಬೇಕು.

ಇಷ್ಟೆಲ್ಲ ಶ್ರಮ ಏಕೆ ಎಂದು ಕೆಲವರು ಕೇಳಬಹುದು. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯಿರಿ. ಪಂಚಾಕ್ಷರಿ ಗವಾಯಿಗಳಿಗೂ ಪುಟ್ಟರಾಜ ಗವಾಯಿಗಳಿಗೂ ಹೊರಗಣ್ಣು ಇರಲಿಲ್ಲ. ಅವರಿಂದ ವಿದ್ಯೆ ಪಡೆದು ಬಾಳು ಕಟ್ಟಿಕೊಂಡ ಅಂಧ ಮಕ್ಕಳಿಗೆ ಲೆಕ್ಕವಿಲ್ಲ. ಕಣ್ಣಿಲ್ಲದವರಿಗೆ ಇರುವುದು ಬುದ್ಧಿಯ ಕೊರತೆಯಲ್ಲ, ಪುಸ್ತಕದ ಕೊರತೆ. ಆ ಕೊರತೆ ನಮ್ಮದು, ಅವರದಲ್ಲ. ಲೋಕವೂ ಇದನ್ನು ಒಪ್ಪಿದೆ. ದೃಷ್ಟಿದೋಷವುಳ್ಳವರಿಗಾಗಿ ಪುಸ್ತಕಗಳನ್ನು ಓದಲು ಬರುವ ರೂಪಕ್ಕೆ ತರಲು 2012ರಲ್ಲಿ ನಮ್ಮ ಕೃತಿಸ್ವಾಮ್ಯ ಕಾಯಿದೆಗೆ ತಿದ್ದುಪಡಿಯಾಯಿತು. ಇದೇ ಉದ್ದೇಶದ ಮರಾಕೇಶ್ ಒಪ್ಪಂದ 2013ರಲ್ಲಿ ಆಯಿತು. 2014ರಲ್ಲಿ ಅದನ್ನು ಎಲ್ಲರಿಗಿಂತ ಮೊದಲು ಸ್ಥಿರೀಕರಿಸಿದ ದೇಶ ಭಾರತ. 2016ರಲ್ಲಿ 'ಸುಗಮ್ಯ ಪುಸ್ತಕಾಲಯ'ವೆಂಬ ಆನ್‌ಲೈನ್ ಗ್ರಂಥಾಲಯ ಆರಂಭವಾಯಿತು. ಕಾಯಿದೆ ದಾರಿ ತೆರೆದಿದೆ, ನಡೆಯಬೇಕಾದವರು ನಾವು.

ಫ.ಗು. ಹಳಕಟ್ಟಿಯವರು ಊರೂರು ತಿರುಗಿ ತಾಡವೋಲೆಗಳನ್ನು ಕಲೆಹಾಕಿ, ಪ್ರತಿ ಮಾಡಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಅಚ್ಚು ಹಾಕಿಸಿದರು. ವಚನಗಳ ಪ್ರಕಟಣೆಗೆಂದೇ ಸ್ವಂತ ಮುದ್ರಣಾಲಯ ನಡೆಸಿ ಕೈ ಬರಿದು ಮಾಡಿಕೊಂಡ ಪುಣ್ಯಾತ್ಮರು ಅವರು. 1964ರಲ್ಲಿ ಅವರು ಲಿಂಗೈಕ್ಯರಾದರು. ಲೇಖಕರ ಕಾಲಾನಂತರ 60 ವರ್ಷಗಳವರೆಗೆ ಕೃತಿಸ್ವಾಮ್ಯ ಇರುತ್ತದೆಂಬ ನಿಯಮದಂತೆ, ಅವರ ಬದುಕಿನ ಕಾಲದಲ್ಲಿ ಪ್ರಕಟವಾದ ಅವರ ಬರಹಗಳು 2025ರ ಜನವರಿಯಿಂದ ಎಲ್ಲರ ಸ್ವತ್ತಾಗಿವೆ. ಓಲೆಯಿಂದ ಕಾಗದಕ್ಕೆ ತಂದ ಕಾಯಕ ಅವರದಾಯಿತು. ಕಾಗದದಿಂದ ಕಿವಿಗೆ ತಲುಪಿಸುವ ಕಾಯಕ ನಮ್ಮ ಪಾಲಿನದು. ಸಿರಿಗೆರೆಯ ತರಳಬಾಳು ಮಠದ ಡಾ. ಶಿವಮೂರ್ತಿ ಶಿವಾಚಾರ್ಯ ಸ್ವಾಮಿಗಳವರು ಪಾಣಿನಿಯ ಸೂತ್ರಗಳನ್ನೇ ಕಂಪ್ಯೂಟರಿಗೆ ಅಳವಡಿಸಿ 'ಗಣಕಾಷ್ಟಾಧ್ಯಾಯೀ' ರಚಿಸಿದ ಜಿಲ್ಲೆ ಇದು. ಮಠಕ್ಕೂ ಕಂಪ್ಯೂಟರಿಗೂ ದೂರವೆಂದು ಇಲ್ಲಿ ಯಾರೂ ಹೇಳುವಂತಿಲ್ಲ.

ಆದರೆ ಒಂದು ಎಚ್ಚರ ಬೇಕು. ಕಳೆ ಕೀಳುವ ಭರದಲ್ಲಿ ಪೈರನ್ನು ಕೀಳಬಾರದು. ಯಂತ್ರ ಮಾಡಿದ ತಪ್ಪನ್ನು ತಿದ್ದಬೇಕೇ ಹೊರತು ಗ್ರಂಥಕರ್ತನ ಮಾತನ್ನಲ್ಲ. ಹಳಗನ್ನಡದ ಱಕಾರ, ೞಕಾರಗಳು ಬಂದರೆ ಹಾಗೆಯೇ ಇರಲಿ. ಪದ ಹಳತೆನಿಸಿತೆಂದು ಹೊಸದನ್ನು ತುರುಕಬೇಡಿ. ಮೂಲ ಅಚ್ಚಿನಲ್ಲಿಯೇ ದೋಷವಿದೆಯೆಂದು ತೋರಿದರೆ ಅದನ್ನು ಹಾಗೆಯೇ ಇಟ್ಟು, ಪಕ್ಕದಲ್ಲಿ ಟಿಪ್ಪಣಿ ಬರೆಯಿರಿ. ಗುಡಿಯ ಕಲ್ಲಿನ ಮೇಲಿನ ಧೂಳು ಒರೆಸುವವನು ಕಲ್ಲನ್ನು ಕೆತ್ತಲು ಹೋಗಬಾರದು.

ಇನ್ನು ಇದು ಓದಿದ ಹುಡುಗರ ಕೆಲಸ, ನಮಗೇನು ಸಂಬಂಧ ಎಂದು ಊರ ಹಿರಿಯರು ಸುಮ್ಮನಿರಬಾರದು. ಈ ಕಾಯಕದಲ್ಲಿ ಹಿರಿಯರ ಕಿವಿಗೆ ದೊಡ್ಡ ಸ್ಥಾನವಿದೆ. 'ಕೂರಿಗೆ' ಎಂಬುದನ್ನು ಯಂತ್ರ 'ಕೊರಿಗೆ' ಎಂದು ಓದಿದರೆ ಪಟ್ಟಣದ ಹುಡುಗನಿಗೆ ಅನುಮಾನವೇ ಬಾರದು. ಹೊಸದುರ್ಗದ ರೈತ ಥಟ್ಟನೆ ಹಿಡಿಯುತ್ತಾನೆ. 'ಕುಂಟೆ', 'ಮೇಟಿ', 'ಹಗೇವು' ಇಂಥ ಪದಗಳು ಬದುಕಿರುವುದೇ ಹಿರಿಯರ ನಾಲಗೆಯ ಮೇಲೆ. ಸಂಜೆ ಹೊತ್ತು ಊರಿನ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲೋ ಮಠದ ಅಂಗಳದಲ್ಲೋ ಮೊಮ್ಮಗ ಕಂಪ್ಯೂಟರಿನ ಮುಂದೆ ಕುಳಿತುಕೊಳ್ಳಲಿ. ಯಂತ್ರ ಓದಲಿ, ಅಜ್ಜ ಕೇಳಲಿ. ಕಿವಿಗೆ ಎಡವಿದ ಕಡೆ ನಿಲ್ಲಿಸಿ ಮೂಲ ಪುಟದ ಚಿತ್ರವನ್ನು ಮೊಮ್ಮಗ ನೋಡಲಿ. ಕಣ್ಣು ಒಬ್ಬರದು, ಕಿವಿ ಇನ್ನೊಬ್ಬರದು. ಕಣ್ಣಿಗೆ ಕಾಣದೆ ಜಾರಿಹೋದ ತಪ್ಪು ಕಿವಿಯ ಕೈಗೆ ಸಿಕ್ಕಿಬೀಳುತ್ತದೆ. ಕನ್ನಡ ವಿಕಿಸೋರ್ಸ್‌ನಲ್ಲಿ ಹೀಗೆ ಚಿತ್ರವನ್ನೂ ಪಠ್ಯವನ್ನೂ ಅಕ್ಕಪಕ್ಕದಲ್ಲಿಟ್ಟು ಒಬ್ಬರು ತಿದ್ದುತ್ತಾರೆ, ಮತ್ತೊಬ್ಬರು ಪರಿಶೀಲಿಸುತ್ತಾರೆ. ಯಾರು ಬೇಕಾದರೂ ಕೈಜೋಡಿಸಬಹುದು.

ಅನ್ನ ದಾಸೋಹದಲ್ಲಿ ಅಕ್ಕಿಯ ಕಲ್ಲು ಆರಿಸುವವರ ಹೆಸರನ್ನು ಉಂಡವರು ಕೇಳುವುದಿಲ್ಲ. ಆದರೆ ಒಂದು ಕಲ್ಲು ಉಳಿದರೆ ತುತ್ತು ಕೆಡುತ್ತದೆ. ಜ್ಞಾನ ದಾಸೋಹದಲ್ಲಿಯೂ ಹೀಗೆಯೇ. ದಿನಕ್ಕೊಂದು ಪುಟ ತಿದ್ದಿದರೆ ವರ್ಷಕ್ಕೊಂದು ಪುಸ್ತಕ ಶುದ್ಧವಾಗುತ್ತದೆ. ಆ ಪುಸ್ತಕ ಎಲ್ಲಿಯೋ ಒಂದು ಮನೆಯಲ್ಲಿ ಬೆಳಕು ಕಾಣದ ಒಂದು ಮಗುವಿನ ಕಿವಿಗೆ ತಡೆಯಿಲ್ಲದೆ ತಲುಪಿದರೆ ಅದಕ್ಕಿಂತ ಮಿಗಿಲಾದ ಶಿವಪೂಜೆ ಇನ್ನೊಂದಿಲ್ಲ. ಅಂಥ ಸದ್ಬುದ್ಧಿಯನ್ನೂ ತಾಳ್ಮೆಯನ್ನೂ ಪರಶಿವನು ಎಲ್ಲರಿಗೂ ಕರುಣಿಸಲೆಂದು ಹಾರೈಸುತ್ತೇವೆ.